ಅಪ್ಪನ ಟ್ರಂಕಿನಲ್ಲಿ ಸಿಕ್ಕ ಕೋರ್ ಮೆಮೊರಿ: ಚಿನ್ನ ಇದೆಯಾ, ಪ್ರೋಗ್ರಾಂ ಇದೆಯಾ?

ಪ್ರಶ್ನೆ: "ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ತಂದೆ 1970ರ ದಶಕದಲ್ಲಿ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಡೇಟಾ ಪ್ರೊಸೆಸಿಂಗ್ ವಿಭಾಗದಲ್ಲಿದ್ದರು. ನಿವೃತ್ತಿಯಾದ ಮೇಲೆ ಊರಿಗೆ ಬಂದರು, ಹೋದ ವರ್ಷ ತೀರಿಕೊಂಡರು. ಅವರ ಟ್ರಂಕ್ ತೆಗೆದಾಗ ಅಂಗೈಗಿಂತ ಸ್ವಲ್ಪ ದೊಡ್ಡ ಚೌಕಟ್ಟೊಂದು ಸಿಕ್ಕಿತು. ಒಳಗೆ ತೀರಾ ತೆಳ್ಳಗಿನ ತಂತಿಗಳ ಜಾಲರಿ. ತಂತಿಗಳು ಅಡ್ಡಹಾಯುವ ಕಡೆಯೆಲ್ಲ ಪುಟ್ಟ ಕಪ್ಪು ಉಂಗುರ. ಎಣಿಸಿದೆ, ಅಡ್ಡ 64, ಉದ್ದ 64. ಜೊತೆಗೆ ತೂತು ಹೊಡೆದ ಕಾರ್ಡುಗಳ ಎರಡು ಕಟ್ಟೂ ಇವೆ. ಚಿಕ್ಕಪ್ಪ 'ಅದು ಐಬಿಎಂ 1401ರ ಮೆಮೊರಿ, ಕರೆಂಟ್ ಹೋದ ಕೂಡಲೇ ಎಲ್ಲ ಅಳಿಸಿಹೋಗಿರುತ್ತೆ, ಇಟ್ಟುಕೊಂಡು ಏನು ಮಾಡ್ತೀಯ' ಅಂತಾರೆ. ಶಿವಮೊಗ್ಗದ ಗುಜರಿಯವರೊಬ್ಬರು ಒಳಗೆ ಚಿನ್ನ ಇರುತ್ತೆ, ನಮಗೆ ಕೊಡಿ ಅಂತಿದ್ದಾರೆ. ಇಂಜಿನಿಯರಿಂಗ್ ಓದುವ ಮಗ ಇದನ್ನ ಲ್ಯಾಪ್‌ಟಾಪಿಗೆ ಜೋಡಿಸಿ ತಾತ ಬರೆದ ಪ್ರೋಗ್ರಾಂ ಓದಬಹುದಾ ಅಂತ ಕೇಳ್ತಾನೆ. ಆ ಭಾಷೆಗಳೆಲ್ಲ ಸತ್ತುಹೋಗಿವೆ ಅಂತಲೂ ಅವನೇ ಹೇಳ್ತಾನೆ. ಉಂಗುರಗಳ ಮೇಲೆ ಧೂಳು ಕೂತಿದೆ, ಒಂದು ಮೂಲೆಯಲ್ಲಿ ಬೂಷ್ಟು. ತೊಳೆಯಬಹುದಾ? ಯಾರ ಮಾತು ನಂಬಲಿ?"

ಉತ್ತರ:

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ತೊಳೆಯಬೇಡಿ. ಗುಜರಿಗೆ ಕೊಡಬೇಡಿ. ಅದರಲ್ಲಿ ಹೇಳಿಕೊಳ್ಳುವಂಥ ಚಿನ್ನ ಇಲ್ಲ. ಚಿಕ್ಕಪ್ಪ ಹೇಳಿದ ಎರಡು ಮಾತಿನಲ್ಲಿ ಒಂದು ಖಂಡಿತ ತಪ್ಪು, ಇನ್ನೊಂದರ ಬಗ್ಗೆ ನನಗೆ ಅನುಮಾನ ಇದೆ. ಮಗ ಕೇಳಿದ್ದಕ್ಕೆ ಉತ್ತರ: ತಾತ ಬರೆದ ಪ್ರೋಗ್ರಾಂ ಬಹುಶಃ ನಿಮ್ಮ ಮನೆಯಲ್ಲೇ ಇದೆ, ಓದಲೂಬಹುದು, ಆದರೆ ಅದು ಇರುವುದು ಆ ಚೌಕಟ್ಟಿನಲ್ಲಿ ಅಲ್ಲ, ಕಾರ್ಡಿನ ಕಟ್ಟಿನಲ್ಲಿ. ನಿಮ್ಮ ಪತ್ರದಲ್ಲಿ ಚೌಕಟ್ಟಿನ ಬಗ್ಗೆ ಅಷ್ಟೆಲ್ಲ ಬರೆದು ಕಾರ್ಡಿನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಾನಾಗಿದ್ದರೆ ಉಲ್ಟಾ ಮಾಡುತ್ತಿದ್ದೆ.

ನಾನು ಮೇನ್‌ಫ್ರೇಮ್, ಅಂದರೆ ದೊಡ್ಡ ಕಂಪ್ಯೂಟರುಗಳ ರಿಪೇರಿ ಕೆಲಸದಲ್ಲಿ ಶುರುಮಾಡಿ ಆಮೇಲೆ ಪ್ರೋಗ್ರಾಮಿಂಗ್ ಕಡೆ ಬಂದವನು. ಇಂಥ ಚೌಕಟ್ಟುಗಳನ್ನು ನಮ್ಮವರು ನಿವೃತ್ತಿಯ ನೆನಪಿಗೆ, ಮೆಷಿನ್ ಬಿಚ್ಚಿದಾಗ ಸಿಕ್ಕ ಕಾಣಿಕೆಯಾಗಿ ಮನೆಗೆ ತೆಗೆದುಕೊಂಡು ಹೋಗುತ್ತಿದ್ದದ್ದು ಸಾಮಾನ್ಯ. ಈಗ ಆ ತಲೆಮಾರು ಹೋಗುತ್ತಿದೆ, ಮಕ್ಕಳ ಕೈಗೆ ಟ್ರಂಕು ಬರುತ್ತಿದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಬೇರೆಯವರಿಗೂ ಆಗುತ್ತೆ.

ನಿಮ್ಮ ಕೈಯಲ್ಲಿರುವುದು ಕೋರ್ ಮೆಮೊರಿಯ, ಅಂದರೆ ಆಗಿನ ಕಂಪ್ಯೂಟರುಗಳಲ್ಲಿದ್ದ ಕಾಂತದ ಉಂಗುರಗಳ ಮೆಮೊರಿಯ, ಒಂದು ಪ್ಲೇನ್ (ಪದರ). ಪ್ರತಿ ಕಪ್ಪು ಉಂಗುರ ಒಂದು ಬಿಟ್. ಅದು ಫೆರೈಟ್, ಅಂದರೆ ಕಾಂತ ಗುಣದ ಒಂದು ಥರ ಪಿಂಗಾಣಿ. ಉಂಗುರದೊಳಗೆ ಕಾಂತತ್ವ ಒಂದು ದಿಕ್ಕಿಗೆ ಸುತ್ತಿದ್ದರೆ 1, ಇನ್ನೊಂದು ದಿಕ್ಕಿಗೆ ಸುತ್ತಿದ್ದರೆ 0. 64ನ್ನು 64ರಿಂದ ಗುಣಿಸಿದರೆ 4096 ಬಿಟ್, ಈಗಿನ ಲೆಕ್ಕದಲ್ಲಿ 512 ಬೈಟ್. ವಾಟ್ಸಾಪಿನಲ್ಲಿ ಬೆಳಗಾದರೆ ಬರುವ ಗುಡ್ ಮಾರ್ನಿಂಗ್ ಚಿತ್ರ 200 ಕೆಬಿ ಇದೆ ಅಂದುಕೊಳ್ಳಿ, ಅದೊಂದನ್ನು ಇಡಲು ಇಂಥ 400 ಚೌಕಟ್ಟು ಬೇಕು. 8 ಜಿಬಿ ರ‍್ಯಾಮ್ ಇರುವ ಫೋನಿನಷ್ಟು ಜಾಗ ಬೇಕೆಂದರೆ 1 ಕೋಟಿ 67 ಲಕ್ಷ ಚೌಕಟ್ಟು.

ನಗಬೇಡಿ, ಇದು ಬರುವ ಮೊದಲಿನ ಕಥೆ ಇನ್ನೂ ಕಷ್ಟದ್ದು. 1951ರ ಯುನಿವ್ಯಾಕ್ ಮೆಷಿನ್ನಿನಲ್ಲಿ ಮೆಮೊರಿ ಅಂದರೆ ಪಾದರಸ ತುಂಬಿದ ಕೊಳವೆಗಳು. ಬಿಟ್‌ಗಳನ್ನು ಶಬ್ದದ ಅಲೆಗಳಾಗಿ ಒಂದು ತುದಿಯಿಂದ ಬಿಟ್ಟು, ಇನ್ನೊಂದು ತುದಿಯಲ್ಲಿ ಹಿಡಿದು, ಮತ್ತೆ ಮೊದಲಿಗೆ ಕಳಿಸುತ್ತಿದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1948ರಲ್ಲಿ ಟಿವಿಯಂಥ ಕೊಳವೆಯ ಪರದೆ ಮೇಲೆ ಚುಕ್ಕೆಗಳಾಗಿ ಬಿಟ್ ಇಟ್ಟರು. ಐಬಿಎಂ 650ರಲ್ಲಿ ನಿಮಿಷಕ್ಕೆ 12,500 ಸುತ್ತು ತಿರುಗುವ ಡ್ರಮ್, ಅದರಲ್ಲಿ 2000 ಪದ (ಪದ ಅಂದರೆ ಇಲ್ಲಿ ಮೆಷಿನ್ ಒಂದೇ ಸಲಕ್ಕೆ ಹಿಡಿಯುವ ಅಂಕೆ ಅಥವಾ ಬಿಟ್‌ಗಳ ಗುಂಪು). ಡ್ರಮ್ಮಿನಲ್ಲಿ ಬೇಕಾದ ಜಾಗ ಓದುವ ತಲೆಯ ಕೆಳಗೆ ಬರುವವರೆಗೂ ಪ್ರೊಸೆಸರ್ ಕಾಯಬೇಕು. ಅದಕ್ಕೇ ಪ್ರೋಗ್ರಾಂ ಬರೆಯುವವರು ಮುಂದಿನ ಆದೇಶವನ್ನು ಪಕ್ಕದ ಜಾಗದಲ್ಲಿ ಇಡದೆ, ಈ ಆದೇಶ ಮುಗಿಯುವ ಹೊತ್ತಿಗೆ ಡ್ರಮ್ ಎಲ್ಲಿಗೆ ತಿರುಗಿರುತ್ತದೋ ಅಲ್ಲಿ ಇಡುತ್ತಿದ್ದರು. ಯೋಚಿಸಿ, ಮೆಷಿನ್ ತಿರುಗುವ ವೇಗವನ್ನು ತಲೆಯಲ್ಲಿ ಇಟ್ಟುಕೊಂಡು ಸಂಬಳದ ಲೆಕ್ಕ ಬರೆಯುವುದು!

ಕೋರ್ ಈ ಕಾಯುವಿಕೆಯನ್ನು ತೆಗೆದುಹಾಕಿತು. ಯಾವ ಉಂಗುರವನ್ನು ಬೇಕಾದರೂ ಒಂದೇ ಹೊತ್ತಿನಲ್ಲಿ ಮುಟ್ಟಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ಅವರ ತಂಡ 1953ರಲ್ಲಿ ವರ್ಲ್‌ವಿಂಡ್ ಕಂಪ್ಯೂಟರಿಗೆ ಇದನ್ನು ಜೋಡಿಸಿತು. ಅದಕ್ಕೂ ಮೊದಲೇ ಹಾರ್ವರ್ಡ್‌ನಲ್ಲಿ ಆನ್ ವಾಂಗ್ ಕಾಂತದ ಉಂಗುರದಲ್ಲಿ ಬಿಟ್ ಇಡುವುದಕ್ಕೆ ಪೇಟೆಂಟ್ ಕೇಳಿದ್ದರು. ಪೇಟೆಂಟಿಗಾಗಿ ಐಬಿಎಂ ವಾಂಗ್ ಅವರಿಗೆ 5 ಲಕ್ಷ ಡಾಲರ್ ಕೊಟ್ಟಿತು, ಆಮೇಲೆ 1964ರಲ್ಲಿ ಎಂಐಟಿಗೆ 1 ಕೋಟಿ 30 ಲಕ್ಷ ಡಾಲರ್. ನಮ್ಮ ದೇಶದಲ್ಲೂ ಇದು ಬೇಗ ಬಂತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ಚಾಲೂ ಮಾಡಿದ ಟಿಫ್ರ್ಯಾಕ್ ಕಂಪ್ಯೂಟರಿನಲ್ಲಿ 2048 ಪದಗಳ ಕೋರ್ ಮೆಮೊರಿ ಇತ್ತು, ಪದಕ್ಕೆ 40 ಬಿಟ್.

ಈಗ ಚಿಕ್ಕಪ್ಪನ ಮಾತು. ಕರೆಂಟ್ ಹೋದರೆ ಅಳಿಸಿಹೋಗುವುದು ಈಗಿನ ರ‍್ಯಾಮ್. ಅದು ಚಾರ್ಜ್ ಹಿಡಿದಿಡುವ ಚಿಪ್, ಪ್ರತಿ ಕ್ಷಣ ತುಂಬುತ್ತಾ ಇರಬೇಕು. 1970ರಲ್ಲಿ ಇಂಟೆಲ್‌ನ 1103 ಚಿಪ್ ಬಂದ ಮೇಲೆ ಜಗತ್ತು ಆ ಕಡೆ ವಾಲಿತು. ಕೋರ್ ಹಾಗಲ್ಲ. ಕಾಂತತ್ವಕ್ಕೆ ಕರೆಂಟ್ ಬೇಡ. ಸಂಜೆ ಮೆಷಿನ್ ಸರಿಯಾಗಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ಪ್ರೋಗ್ರಾಂ ಮೆಮೊರಿಯಲ್ಲಿ ಹಾಗೇ ಕೂತಿರುತ್ತಿತ್ತು. ಐವತ್ತು ವರ್ಷ ಟ್ರಂಕಿನಲ್ಲಿ ಇದ್ದರೂ ಉಂಗುರದ ಕಾಂತತ್ವ ತಾನಾಗಿ ಹೋಗುವುದಿಲ್ಲ. ಸ್ಪೀಕರಿನ ಅಯಸ್ಕಾಂತದಂಥದ್ದನ್ನು ತಂದು ಒತ್ತಿ ಹಿಡಿದರೆ ಕೆಡಬಹುದು, ಸುಮ್ನೆ ಪಕ್ಕದಲ್ಲಿ ಮೊಬೈಲ್ ಇಟ್ಟರೆ ಏನೂ ಆಗಲ್ಲ.

"ಹಾಗಾದರೆ ಡೇಟಾ ಇದೆ ಅಂತಾಯಿತಲ್ಲ?" ಅಂತ ಮಗ ಕೇಳುತ್ತಾನೆ, ಕೇಳಲೇಬೇಕು. ಇದೆ. ಆದರೆ ಉಪಯೋಗಕ್ಕೆ ಬರುವ ರೀತಿಯಲ್ಲಿ ಇಲ್ಲ. ಕಾರಣ ಆ ಮೆಮೊರಿಯನ್ನು ಕಟ್ಟುತ್ತಿದ್ದ ರೀತಿಯಲ್ಲಿದೆ.

ಅಡ್ಡ ತಂತಿ ಒಂದು, ಉದ್ದ ತಂತಿ ಒಂದು, ಎರಡರಲ್ಲೂ ಅರ್ಧರ್ಧ ಕರೆಂಟ್ ಹರಿಸುತ್ತಾರೆ. ಅರ್ಧ ಕರೆಂಟಿಗೆ ಉಂಗುರ ಜಗ್ಗುವುದಿಲ್ಲ. ಎರಡೂ ಸೇರುವ ಜಾಗದಲ್ಲಿರುವ ಒಂದೇ ಒಂದು ಉಂಗುರಕ್ಕೆ ಪೂರ್ತಿ ಕರೆಂಟ್ ಸಿಕ್ಕಿ ಅದು ಮಾತ್ರ ತಿರುಗುತ್ತದೆ. ಹೀಗಾಗಿ 64 ಮತ್ತು 64, ಒಟ್ಟು 128 ತಂತಿಯಲ್ಲಿ 4096 ಉಂಗುರಗಳನ್ನು ಬೇರೆಬೇರೆಯಾಗಿ ಮುಟ್ಟಬಹುದು. ಈ ಉಪಾಯವೇ ಕೋರ್ ಮೆಮೊರಿಯ ಜೀವಾಳ. ಇದರ ಜೊತೆ ಎಲ್ಲ ಉಂಗುರದೊಳಗೂ ಹಾದುಹೋಗುವ ಒಂದು ತಂತಿ ಓದುವುದಕ್ಕೆ, ಇನ್ನೊಂದು ತಂತಿ ಬರೆಯುವಾಗ 1 ಬೇಡದ ಕಡೆ ಉಂಗುರ ತಿರುಗದಂತೆ ತಡೆಯುವುದಕ್ಕೆ. ಭೂತಗನ್ನಡಿಯಲ್ಲಿ ನೋಡಿ, ಒಂದು ಉಂಗುರದಲ್ಲಿ ನಾಲ್ಕು ತಂತಿ ಇದ್ದರೆ ಹಳೆಯ ವಿನ್ಯಾಸ. ಮೂರೇ ಇದ್ದರೆ ಕೊನೆಯ ಎರಡನ್ನು ಒಂದು ಮಾಡಿದ ಆಮೇಲಿನ ವಿನ್ಯಾಸ.

ಓದುವುದು ಇನ್ನೂ ವಿಚಿತ್ರ. ಉಂಗುರದಲ್ಲಿ ಏನಿದೆ ಅಂತ ಸುಮ್ಮನೆ ನೋಡಲು ಆಗುವುದಿಲ್ಲ. ಅದಕ್ಕೆ 0 ಬರೆಯಬೇಕು. ಮೊದಲು 1 ಇದ್ದಿದ್ದರೆ ಅದು ತಿರುಗುವಾಗ ಓದುವ ತಂತಿಯಲ್ಲಿ ಸಣ್ಣ ಮಿಡಿತ ಬರುತ್ತದೆ, 0 ಇದ್ದಿದ್ದರೆ ಮಿಡಿತ ಇಲ್ಲ. ಬೆಂಕಿಕಡ್ಡಿ ಒದ್ದೆಯಾಗಿದೆಯಾ ಅಂತ ಗೀರಿ ನೋಡಿದ ಹಾಗೆ: ಗೊತ್ತಾಗುತ್ತೆ, ಆದರೆ ಕಡ್ಡಿ ಹೋಯಿತು. ಅದಕ್ಕೇ ಮೆಷಿನ್ ಪ್ರತಿ ಸಲ ಓದಿದ ಕೂಡಲೇ ಅದನ್ನೇ ವಾಪಸ್ ಬರೆಯುತ್ತಿತ್ತು. 1401ರಲ್ಲಿ ಈ ಓದಿ ಬರೆಯುವ ಒಂದು ಸುತ್ತಿಗೆ 11.5 ಮೈಕ್ರೋಸೆಕೆಂಡ್.

ಈಗ ಮುಖ್ಯ ವಿಷಯ. ಇಂಥ ಪ್ಲೇನುಗಳನ್ನು ಒಂದರ ಮೇಲೊಂದು ಪೇರಿಸಿ ಮೆಮೊರಿ ಕಟ್ಟುತ್ತಿದ್ದರು. ಅಡ್ಡ, ಉದ್ದ ತಂತಿಗಳು ಎಲ್ಲ ಪ್ಲೇನುಗಳ ಮೂಲಕ ಹಾದುಹೋಗುತ್ತವೆ. ಒಂದು ಅಕ್ಷರದ ಮೊದಲ ಬಿಟ್ ಮೊದಲ ಪ್ಲೇನಿನಲ್ಲಿ, ಎರಡನೆಯ ಬಿಟ್ ಎರಡನೆಯ ಪ್ಲೇನಿನಲ್ಲಿ, ಹೀಗೆ. ಅಂದರೆ ನಿಮ್ಮ ಚೌಕಟ್ಟಿನಲ್ಲಿ 4096 ಅಕ್ಷರ ಅಥವಾ ಪದಗಳ ಒಂದೊಂದೇ ಬಿಟ್ ಇದೆ. ಉಳಿದ ಬಿಟ್‌ಗಳಿದ್ದ ಅಣ್ಣತಮ್ಮಂದಿರೆಲ್ಲ ಎಲ್ಲೋ ಚದುರಿಹೋಗಿದ್ದಾರೆ. ಒಂದು ಬಿಟ್ಟಿನಿಂದ ಅಕ್ಷರ ಹುಟ್ಟಿಸಲು ಆಗುವುದಿಲ್ಲ. ಸಾಲದ್ದಕ್ಕೆ, ಮೆಷಿನ್ ಬಿಚ್ಚುವ ಮೊದಲು ಕೊನೆಯದಾಗಿ ಓಡಿದ್ದು ಬಹುಶಃ ಯಾರೋ ಇಂಜಿನಿಯರ್ ಹಾಕಿದ ಮೆಮೊರಿ ಟೆಸ್ಟ್, 1 0 1 0 ಅಂತ ತುಂಬುವ ಪ್ರೋಗ್ರಾಂ. ನಿಮ್ಮ ತಂದೆಯ ಕೆಲಸ ಅಲ್ಲಿ ಸಿಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಮಗನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಇದ್ದರೆ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಟ್ರಾನ್ಸಿಸ್ಟರ್ ಇಟ್ಟುಕೊಂಡು ನಾಲ್ಕಾರು ಉಂಗುರ ಓಡಿಸಿ ನೋಡಬಹುದು, ಹವ್ಯಾಸಿಗಳು ಮಾಡಿದ್ದಾರೆ. ಆದರೆ ಯುಎಸ್‌ಬಿ ಹಾಕಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುವುದಿಲ್ಲ. ಹಳೆಯ ಕೋರುಗಳಿಗೆ ಪ್ರತಿ ತಂತಿಯಲ್ಲಿ ಅರ್ಧ ಆಂಪಿಯರ್ ಆಸುಪಾಸು ಕರೆಂಟ್ ಬೇಕು, ಅದೂ ಕೆಲವೇ ಮೈಕ್ರೋಸೆಕೆಂಡ್. ಹೆಚ್ಚು ಹೊತ್ತು ಹರಿಸಿದರೆ ಆ ತೆಳ್ಳನೆ ತಂತಿ ಸುಟ್ಟುಹೋಗುತ್ತದೆ. ಒಂದು ತಂತಿ ಹೋದರೆ 64 ಉಂಗುರ ಹೋದ ಹಾಗೆ. ಅಪ್ಪನ ಪ್ಲೇನಿನ ಮೇಲೆ ಪ್ರಯೋಗ ಬೇಡ. ಬಿಡಿ ಫೆರೈಟ್ ಉಂಗುರ ಕೊಂಡು ಅವನೇ ಒಂದು 4 ಅಡ್ಡ 4 ಉದ್ದದ್ದು ಹೆಣೆಯಲಿ. ಕಲಿಯುವುದೂ ಜಾಸ್ತಿ.

1401 ಹೌದೋ ಅಲ್ಲವೋ ಅನ್ನುವುದು. ನಿಮ್ಮ ಎಣಿಕೆ ಸರಿಯಿದ್ದರೆ ನನಗೆ ಅನುಮಾನ. 1959ರಲ್ಲಿ ಬಂದ 1401 ದಶಮಾನದ ಮೆಷಿನ್. ಅದರ ಅಡ್ರೆಸ್‌ಗಳು 000, 001 ಅಂತ ಹತ್ತರ ಲೆಕ್ಕದಲ್ಲಿ ಹೋಗುತ್ತವೆ. ಮೆಮೊರಿಯೂ 4000 ಅಕ್ಷರದ ತುಂಡುಗಳಲ್ಲಿ, 50 ಅಡ್ಡ 80 ಉಂಗುರದ ಪ್ಲೇನುಗಳಲ್ಲಿ ಇತ್ತು. 64ಕ್ಕೆ 64 ಅಂದರೆ ಎರಡರ ಲೆಕ್ಕದ ಮೆಷಿನ್. ಐಬಿಎಂನದ್ದೇ ಬೇರೆ ಯಂತ್ರ ಇರಬಹುದು, ಬೇರೆ ಕಂಪನಿಯದ್ದೂ ಇರಬಹುದು. ಅಂಚಿನಲ್ಲಿ ಪಾರ್ಟ್ ನಂಬರ್ ಅಚ್ಚಾಗಿದ್ದರೆ ಫೋಟೋ ತೆಗೆದಿಡಿ, ಅದರಿಂದ ಪತ್ತೆಯಾಗಬಹುದು. ಚಿಕ್ಕಪ್ಪನ ಊಹೆ ಹುಟ್ಟಿದ ಕಾರಣ ಮಾತ್ರ ಸುಲಭ. ಆಗ ನಮ್ಮಲ್ಲಿ ಕಂಪ್ಯೂಟರ್ ಅಂದರೆ 1401 ಅನ್ನುವಂತಿತ್ತು. ಐಬಿಎಂ ಮುಂಬೈನಲ್ಲಿ ಹಳೆಯ 1401ಗಳನ್ನು ರಿಪೇರಿ ಮಾಡಿ ದೇಶದ ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತಿತ್ತು. 1978ರಲ್ಲಿ ವಿದೇಶಿ ಪಾಲಿನ ಕಾನೂನಿಗೆ ಒಪ್ಪದೆ ಅದು ಭಾರತ ಬಿಟ್ಟು ಹೋದ ಮೇಲೆ ಸರ್ಕಾರದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ನಾವೆಲ್ಲ ಸಿಎಂಸಿ ಅನ್ನುತ್ತಿದ್ದದ್ದು, ಆ ಮೆಷಿನ್ನುಗಳ ಆರೈಕೆ ವಹಿಸಿಕೊಂಡಿತು. ಅಮೆರಿಕದಲ್ಲಿ ಹಳತಾದದ್ದು ಇಲ್ಲಿ ಇನ್ನೂ ವರ್ಷಗಟ್ಟಲೆ ದುಡಿಯಿತು.

ಚಿನ್ನದ ವಿಷಯ. ಗುಜರಿಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಹಳೆಯ ಪಿಂಗಾಣಿ ಕವಚದ ಚಿಪ್ಪುಗಳಲ್ಲಿ, ಸರ್ಕ್ಯೂಟ್ ಬೋರ್ಡಿನ ಅಂಚಿನ ಸಂಪರ್ಕಗಳಲ್ಲಿ ಚಿನ್ನದ ಲೇಪ ಇರುತ್ತಿತ್ತು. ಆ ಮಾತು ಹಬ್ಬಿ ಈಗ ಹಳೇ ಕಂಪ್ಯೂಟರ್ ಸಾಮಾನೆಲ್ಲ ಚಿನ್ನ ಅನ್ನುವಂತಾಗಿದೆ. ನಿಮ್ಮ ಪ್ಲೇನಿನಲ್ಲಿ ಇರುವುದು ಫೆರೈಟ್, ಎನಾಮಲ್ ಹಚ್ಚಿದ ತಾಮ್ರದ ತಂತಿ, ಸೀಸದ ಬೆಸುಗೆ, ಒಂದು ಚೌಕಟ್ಟು. ಅಂಚಿನಲ್ಲಿ ಹಳದಿ ಬೆರಳುಗಳಂಥ ಸಂಪರ್ಕ ಇದ್ದರೂ ಅದು ಮೈಕ್ರಾನ್ ಲೆಕ್ಕದ ಲೇಪ. ಅದನ್ನು ಬಿಡಿಸಲು ಆಸಿಡ್ಡಿನಲ್ಲಿ ಹಾಕುತ್ತಾರೆ, ತಂತಿಗೆ ಬೆಂಕಿ ಕೊಡುತ್ತಾರೆ. ಆ ಹೊಗೆ ಕುಡಿಯುವವರು ಅಲ್ಲಿ ಕೆಲಸ ಮಾಡುವ ಹುಡುಗರು. ಸಿಗುವ ದುಡ್ಡು ನಿಮಗೆ ಒಂದು ಹೊತ್ತಿನ ಊಟಕ್ಕೂ ಆಗಲಿಕ್ಕಿಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲಿ ಆ ಆಸಿಡ್ ಪ್ರಯೋಗ ದಯವಿಟ್ಟು ಯಾರೂ ಮಾಡಬೇಡಿ.

ಹಾಗೆಂದು ಬೆಲೆಯೇ ಇಲ್ಲ ಅಂತಲ್ಲ. ಸಂಗ್ರಹ ಮಾಡುವವರು ಕೊಳ್ಳುತ್ತಾರೆ. ಸಾವಿರಗಳ ಲೆಕ್ಕ, ಲಕ್ಷಗಳದ್ದಲ್ಲ. ಯಾರಾದರೂ ಲಕ್ಷ ಕೊಡುತ್ತೇನೆ, ಮೊದಲು ಸಾಗಾಟದ ಖರ್ಚು ಕಳಿಸಿ ಅಂದರೆ ಅದು ಮೋಸ. ಒಂದು ಕಾಲದಲ್ಲಿ ಕೋರ್ ಒಂದು ಬಿಟ್ಟಿಗೆ ಒಂದು ಡಾಲರ್ ಹತ್ತಿರ ಇತ್ತು, ಕೊನೆಗೆ ಒಂದು ಸೆಂಟಿಗೆ ಇಳಿಯಿತು. ಇಳಿಯುವುದಕ್ಕೆ ಒಂದು ಕಾರಣ, ಹೆಣೆಯುವ ಕೆಲಸ ಕೂಲಿ ಕಡಿಮೆ ಇರುವ ಏಷ್ಯಾದ ಊರುಗಳಿಗೆ ಹೋದದ್ದು. ಅಡ್ಡ ಉದ್ದ ತಂತಿಗೆ ಯಂತ್ರದ ಸಹಾಯ ಬಂದರೂ ಓದುವ ತಂತಿಯನ್ನು ತುಂಬ ಕಡೆ ಹೆಂಗಸರು ಸೂಕ್ಷ್ಮದರ್ಶಕದ ಕೆಳಗೆ ಕೈಯಲ್ಲೇ ಪೋಣಿಸುತ್ತಿದ್ದರು. ನಿಮ್ಮ 4096 ಉಂಗುರಗಳಲ್ಲಿ ಒಂದೂ ತಪ್ಪಿಲ್ಲ ಅಂದರೆ ಅದು ಯಾರದೋ ಕೈಯ ಕೆಲಸ. ಚಂದ್ರನಿಗೆ ಹೋದ ಅಪೊಲೊ ಕಂಪ್ಯೂಟರಿನಲ್ಲಂತೂ ಪ್ರೋಗ್ರಾಮನ್ನೇ ತಂತಿಯಲ್ಲಿ ಹೆಣೆದಿದ್ದರು, 36,864 ಪದ. ಒಂದು ಸಾಲು ಬದಲಿಸಬೇಕೆಂದರೆ ಮತ್ತೆ ಹೆಣೆಯಬೇಕು.

ಸ್ವಚ್ಛ ಮಾಡುವುದು: ನೀರು ಬೇಡ, ಸೋಪು ಬೇಡ, ಬಟ್ಟೆಯಂತೂ ಬೇಡವೇ ಬೇಡ. ಬಟ್ಟೆಯ ಎಳೆ ತಂತಿಗೆ ಸಿಕ್ಕಿಕೊಂಡು, ಎಳೆದಾಗ ಉಂಗುರ ಒಡೆಯುತ್ತದೆ. ಫೆರೈಟ್ ಪಿಂಗಾಣಿಯಷ್ಟೇ ಬೇಗ ಮುರಿಯುವಂಥದ್ದು. ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬಲೂನು ಸಿಗುತ್ತದಲ್ಲ, ಅದರಿಂದ ದೂರದಿಂದ ಊದಿ, ಅಷ್ಟು ಸಾಕು. ಕಂಪ್ರೆಸರಿನ ಗಾಳಿ ಹಾಕಬೇಡಿ. ಬೂಷ್ಟು ಇರುವ ಮೂಲೆಯನ್ನು ಮುಟ್ಟದೆ, ಒಣ ಜಾಗದಲ್ಲಿ ನೆರಳಿನಲ್ಲಿ ಕೆಲವು ದಿನ ಇಡಿ. ಚೌಕಟ್ಟಿನ ಮೇಲಿದ್ದರೆ ಮಾತ್ರ ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ. ಆಮೇಲೆ ಗಟ್ಟಿ ಡಬ್ಬಿಯಲ್ಲಿ, ತಂತಿಗಳಿಗೆ ಏನೂ ತಾಗದ ಹಾಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೀರ್ಥಹಳ್ಳಿಯ ಮಳೆಗಾಲಕ್ಕೆ ಆ ಪೊಟ್ಟಣ ವರ್ಷಕ್ಕೊಂದು ಸಲ ಬದಲಿಸಿದರೆ ಸಾಲದು, ಮಳೆ ಶುರುವಾಗುವ ಮೊದಲೊಮ್ಮೆ, ಮಧ್ಯದಲ್ಲೊಮ್ಮೆ ಬದಲಿಸಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಬೆಸುಗೆಯಲ್ಲಿ ಸೀಸ ಇದೆ.

ಇನ್ನು ಕಾರ್ಡುಗಳು. ನಿಮ್ಮ ತಂದೆ ಇರುವುದು ಇಲ್ಲಿ.

ಮೊದಲನೆಯದಾಗಿ, ಕ್ರಮ ತಪ್ಪುವ ಹಾಗೆ ಕಟ್ಟನ್ನು ಬಿಚ್ಚಬೇಡಿ. ಕಾರ್ಡುಗಳ ಕ್ರಮವೇ ಪ್ರೋಗ್ರಾಂ. ಕ್ರಮ ತಪ್ಪಿದರೆ ಅದು ತೂತು ಬಿದ್ದ ರದ್ದಿ. ಕಟ್ಟಿನ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಮೇಲಿನ ಅಂಚಿನಲ್ಲಿ ಪೆನ್ನಿನಲ್ಲೋ ಮಾರ್ಕರಿನಲ್ಲೋ ಓರೆಯಾಗಿ ಎಳೆದ ಗೆರೆ ಕಂಡರೆ ಅದು ಅಪ್ಪನದೇ ಗೆರೆ ಇರಬಹುದು. ಕಟ್ಟು ಕೆಳಗೆ ಬಿದ್ದರೆ ಕಾರ್ಡುಗಳನ್ನು ಮತ್ತೆ ಜೋಡಿಸಲು ಎಲ್ಲರೂ ಹಾಗೆ ಎಳೆಯುತ್ತಿದ್ದರು. ರಬ್ಬರ್ ಬ್ಯಾಂಡ್ ಇದ್ದರೆ ಅದು ಅಷ್ಟು ವರ್ಷದಲ್ಲಿ ಕರಗಿ ಅಂಟಿಕೊಂಡಿರುತ್ತದೆ. ಎಳೆಯದೆ ಕತ್ತರಿಯಲ್ಲಿ ಕತ್ತರಿಸಿ. ಅಂಟಿದ ಚೂರು ಹಾಗೇ ಇರಲಿ, ಪೂರ್ತಿ ಒಣಗಿದ್ದರೆ ತಾನೇ ಉದುರುತ್ತದೆ. ಕಾಗದದ ಲಕೋಟೆಯಲ್ಲಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಗೆದ್ದಲು ನೋಡಿಕೊಳ್ಳಿ.

ಎರಡನೆಯದು, ಇದನ್ನು ಓದಲು ಮೆಷಿನ್ ಬೇಡ. ಬಹಳಷ್ಟು ಕಾರ್ಡುಗಳ ಮೇಲಂಚಿನಲ್ಲಿ ಅಕ್ಷರಗಳೇ ಅಚ್ಚಾಗಿರುತ್ತವೆ, ಪಂಚಿಂಗ್ ಮೆಷಿನ್ ತೂತಿನ ಜೊತೆಗೆ ಮುದ್ರಿಸುತ್ತಿತ್ತು. ಶಾಯಿ ಮಾಸಿದ್ದರೆ ತೂತು ನೋಡಿ. ಕಾರ್ಡಿನಲ್ಲಿ 80 ಕಂಬ, 12 ಸಾಲು. ಮೇಲಿನ ಎರಡು ಖಾಲಿ ಸಾಲುಗಳಿಗೆ 12 ಮತ್ತು 11 ಅಂತ ಹೆಸರು, ಅದರ ಕೆಳಗೆ 0ಯಿಂದ 9. ಒಂದು ಕಂಬದಲ್ಲಿ ಒಂದೇ ತೂತು ಅಂಕೆಯ ಸಾಲಿನಲ್ಲಿದ್ದರೆ ಅದೇ ಅಂಕೆ. 12ರ ಜೊತೆ 1ರಿಂದ 9 ಇದ್ದರೆ ಇಂಗ್ಲಿಷಿನ ಎ ಇಂದ ಐ. 11ರ ಜೊತೆ ಇದ್ದರೆ ಜೆ ಇಂದ ಆರ್. 0ಯ ಜೊತೆ 2ರಿಂದ 9 ಇದ್ದರೆ ಎಸ್ ಇಂದ ಝಡ್. ಒಂದು ಸಂಜೆ ಕೂತರೆ ಮಗನಿಗೆ ಬಾಯಿಪಾಠ ಆಗುತ್ತೆ. ಕಾರ್ಡು ಜಾಸ್ತಿ ಇದ್ದರೆ ಕಪ್ಪು ಬಟ್ಟೆಯ ಮೇಲೆ ಒಂದೊಂದೇ ಇಟ್ಟು ಫೋಟೋ ತೆಗೆಯಲಿ, ಫೋಟೋದಿಂದ ಅಕ್ಷರಕ್ಕೆ ತಿರುಗಿಸುವ ಪ್ರೋಗ್ರಾಮುಗಳನ್ನು ಹವ್ಯಾಸಿಗಳು ಬರೆದಿದ್ದಾರೆ, ಅಥವಾ ಅವನೇ ಬರೆಯಲಿ, ಅದೇನು ದೊಡ್ಡ ಕೆಲಸ ಅಲ್ಲ.

ಯಾವ ಭಾಷೆ ಅಂತ ಮೊದಲ ಕೆಲವು ಕಾರ್ಡಿನಲ್ಲೇ ಗೊತ್ತಾಗುತ್ತದೆ. ಎರಡು ಓರೆ ಗೆರೆಯಿಂದ ಶುರುವಾಗುವ ಕಾರ್ಡು ಮೊದಲಿಗಿದ್ದರೆ ಅದು ಐಬಿಎಂ 360 ವಂಶದ ಮೆಷಿನ್ನಿಗೆ ಬರೆದದ್ದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅದೇ ವಂಶದ 360/44 ಇತ್ತು. ಮೊದಲ ಕಂಬದಲ್ಲಿ ಸಿ ಅಕ್ಷರ ಇರುವ ಟಿಪ್ಪಣಿಗಳು, 7ನೇ ಕಂಬದಿಂದ ಶುರುವಾಗುವ ಸಾಲುಗಳು ಇದ್ದರೆ ಫೋರ್ಟ್ರಾನ್, ವಿಜ್ಞಾನದ ಲೆಕ್ಕಗಳಿಗೆ ಬಳಸುವ ಭಾಷೆ. ಸಾಲು 72ನೇ ಕಂಬಕ್ಕೆ ನಿಲ್ಲುತ್ತದೆ. 80 ಇದ್ದರೂ 72 ಯಾಕೆ? ಫೋರ್ಟ್ರಾನ್ ಹುಟ್ಟಿದ ಐಬಿಎಂ 704ರ ಕಾರ್ಡ್ ಓದುವ ಯಂತ್ರ ಪ್ರತಿ ಸಾಲನ್ನು 36 ಬಿಟ್‌ನ ಎರಡು ಪದಗಳಾಗಿ ಓದುತ್ತಿತ್ತು, ಎರಡು ಸೇರಿ 72. ಆ ಭಾಷೆಯಲ್ಲಿ ಹೆಸರುಗಳು ಆರು ಅಕ್ಷರ ಮೀರುವಂತಿರಲಿಲ್ಲ, ಅದೂ ಅಲ್ಲಿಂದಲೇ: 36 ಬಿಟ್‌ನ ಒಂದು ಪದದಲ್ಲಿ ಆರು ಬಿಟ್‌ನ ಆರು ಅಕ್ಷರ. ಜಾನ್ ಬ್ಯಾಕಸ್ ತಂಡ ಅದನ್ನು ಕೊಟ್ಟದ್ದು 1957ರಲ್ಲಿ, ಆ ಆರು ಅಕ್ಷರದ ಮಿತಿ ದಶಕಗಟ್ಟಲೆ ಉಳಿಯಿತು. ಮೆಮೊರಿ ಎಷ್ಟು ಬಿಗಿ ಇತ್ತೆಂದರೆ 1401ರ ಫೋರ್ಟ್ರಾನ್ ಕಂಪೈಲರ್ (ನಾವು ಬರೆದದ್ದನ್ನು ಮೆಷಿನ್ನಿನ ಭಾಷೆಗೆ ತಿರುಗಿಸುವ ಪ್ರೋಗ್ರಾಂ) 8000 ಅಕ್ಷರದ ಕೋರಿನಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ನಿಮ್ಮ ಪ್ರೋಗ್ರಾಂ ಕೋರಿನಲ್ಲಿ ಕೂತಿರುತ್ತಿತ್ತು, ಕಂಪೈಲರನ್ನೇ 63 ತುಂಡು ಮಾಡಿ ಒಂದೊಂದಾಗಿ ಒಳಗೆ ಕರೆಯುತ್ತಿದ್ದರು.

ಮೊದಲಿಗೇ "ಐಡೆಂಟಿಫಿಕೇಶನ್ ಡಿವಿಷನ್" ಅಂತ ಇದ್ದರೆ ಕೋಬಾಲ್. ಕಾರ್ಖಾನೆಯ ಸಂಬಳ, ದಾಸ್ತಾನು ಲೆಕ್ಕ ಅಂದರೆ ಇದೇ ಆಗಿರುವ ಸಾಧ್ಯತೆ ಜಾಸ್ತಿ. ಆ ಭಾಗದಲ್ಲೇ ಪ್ರೋಗ್ರಾಮಿನ ಹೆಸರಿನ ಕೆಳಗೆ "ಆಥರ್" ಅಂತ ಒಂದು ಸಾಲು, "ಇನ್‌ಸ್ಟಲೇಶನ್" ಅಂತ ಒಂದು, "ಡೇಟ್ ರಿಟನ್" ಅಂತ ಒಂದು ಬರೆಯುವ ಪದ್ಧತಿ ಇತ್ತು. ಅಪ್ಪ ಬರೆದಿದ್ದರೆ ಅವರ ಹೆಸರು, ಆಫೀಸು, ತಾರೀಕು ಅಲ್ಲಿ ತೂತುಗಳಲ್ಲಿ ಇರುತ್ತದೆ.

ಬರೀ ಅಂಕೆಗಳಿದ್ದರೆ ಅದು ಡೇಟಾ. ಇಲ್ಲಿ ಒಂದು ಎಚ್ಚರಿಕೆ. ಸಂಬಳದ ಡೇಟಾ ಆಗಿದ್ದರೆ ಬೇರೆಯವರ ಹೆಸರು, ಸಾಲ, ಕಡಿತ ಎಲ್ಲ ಇರಬಹುದು. ಫೇಸ್‌ಬುಕ್ಕಿನಲ್ಲಿ ಹಾಕುವ ಮೊದಲು ಏನಿದೆ ಅಂತ ಓದಿಕೊಳ್ಳಿ.

ಈಗಿನ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದಾ? ಓಡಿಸಬಹುದು. ಜಿಫೋರ್ಟ್ರಾನ್, ಗ್ನೂಕೋಬಾಲ್ ಎರಡೂ ಉಚಿತ ಕಂಪೈಲರುಗಳು. ಮೂಲ ಮೆಷಿನ್ನಿನ ನಕಲೇ ಬೇಕೆಂದರೆ 1401ಕ್ಕೆ ಸಿಮ್‌ಎಚ್, 360ಕ್ಕೆ ಹರ್ಕ್ಯುಲಿಸ್ ಇವೆ. ಆದರೆ ಓಡಿತು ಅಂದಮಾತ್ರಕ್ಕೆ ಉತ್ತರ ಸರಿ ಅಂತ ತಿಳಿಯಬೇಡಿ. ಫೋರ್ಟ್ರಾನಿನಲ್ಲಿ ಒಂದು ಹಳೇ ಬಲೆ ಇದೆ. ಆಗಿನ ಕಂಪೈಲರುಗಳಲ್ಲಿ ಡೂ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಒಂದು ಸಲವಾದರೂ ಓಡುತ್ತಿತ್ತು, 1ರಿಂದ 0ವರೆಗೆ ಅಂದರೂ. ಫೋರ್ಟ್ರಾನ್ 77ರಿಂದ ಅಂಥ ಲೂಪ್ ಒಂದು ಸಲವೂ ಓಡುವುದಿಲ್ಲ. ಯಾವ ದೋಷವನ್ನೂ ತೋರಿಸದೆ ಉತ್ತರ ಬದಲಾಗುತ್ತದೆ. ಇನ್ನೊಂದು, ಸಬ್‌ರೂಟಿನ್, ಅಂದರೆ ಬೇಕಾದಾಗ ಕರೆಯುವ ಪ್ರೋಗ್ರಾಮಿನ ತುಂಡು, ಅದರೊಳಗೆ ಇಟ್ಟ ಸಂಖ್ಯೆಗಳು ಮುಂದಿನ ಸಲಕ್ಕೂ ಉಳಿದಿರುತ್ತವೆ ಅಂತ ನಂಬಿ ಆಗಿನವರು ಬರೆಯುತ್ತಿದ್ದರು, ಈಗ ಹಾಗೆ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ, ಕಂಪೈಲರಿಗೆ ಬಿಡಿಸಿ ಹೇಳಬೇಕು. 360ರಲ್ಲಿ ದಶಾಂಶ ಸಂಖ್ಯೆಗಳನ್ನು ಹದಿನಾರರ ಲೆಕ್ಕದಲ್ಲಿ ಇಡುತ್ತಿದ್ದರು, ಹಾಗಾಗಿ ಕೊನೆಯ ಅಂಕೆಗಳು ಬೇರೆ ಬಂದರೆ ಗಾಬರಿ ಬೇಡ. ಕೋಬಾಲಿನಲ್ಲಿ "ಎಕ್ಸಾಮಿನ್" ಥರದ ಹಳೆಯ ಆದೇಶಗಳನ್ನು "ಇನ್‌ಸ್ಪೆಕ್ಟ್" ಅಂತ ತಿದ್ದಬೇಕಾಗಬಹುದು. ಅಪ್ಪನ ಪ್ರೋಗ್ರಾಮಿನ ಜೊತೆ ಆಗಿನ ಪ್ರಿಂಟೌಟ್ ಹಾಳೆ ಎಲ್ಲಾದರೂ ಸಿಕ್ಕಿದರೆ ಹಿಡಿದಿಡಿ, ಹೋಲಿಸಿ ನೋಡಲು ಅದೊಂದೇ ಸಾಕ್ಷಿ.

ನಿಮ್ಮ ಮುಂದಿರುವ ದಾರಿಗಳು. ಮನೆಯಲ್ಲೇ ಇಟ್ಟುಕೊಳ್ಳುವುದು ನನಗೆ ಮೊದಲ ಆಯ್ಕೆ. ಖರ್ಚು ಇಲ್ಲ, ತೇವ ಮತ್ತು ಗೆದ್ದಲಿನ ಕಾಟ ಮಾತ್ರ. ಮಾರುವುದಾದರೆ ಪ್ಲೇನ್ ಮಾರಿ, ಕಾರ್ಡು ಮಾರಬೇಡಿ, ಮತ್ತು ಅದು ಯಾರದ್ದು, ಎಲ್ಲಿ ದುಡಿದದ್ದು ಅಂತ ಒಂದು ಹಾಳೆ ಬರೆದು ಜೊತೆಗಿಡಿ, ಬೆಲೆಯೂ ಏರುತ್ತೆ. ಅಂಚೆಯಲ್ಲಿ ಅಲುಗಾಡಿದರೆ ತಂತಿ ಹೋಗುತ್ತದೆ ಅನ್ನುವ ಅಪಾಯ ನಿಮ್ಮದೇ. ಬೆಂಗಳೂರಿನ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯದಂಥ ಕಡೆಗೆ ಪತ್ರ ಬರೆದು ಕೇಳಬಹುದು. ಆದರೆ ಕೊಟ್ಟದ್ದೆಲ್ಲ ಪ್ರದರ್ಶನಕ್ಕೆ ಬರುತ್ತೆ ಅಂತಿಲ್ಲ, ಯಾವ ವಸ್ತುಸಂಗ್ರಹಾಲಯದಲ್ಲೂ ಹೆಚ್ಚಿನದು ಉಗ್ರಾಣದಲ್ಲೇ ಇರುತ್ತದೆ. ಪ್ರದರ್ಶನಕ್ಕೆ ಇಡುತ್ತೀರಾ, ಇಲ್ಲವಾದರೆ ವಾಪಸ್ ಕೊಡುತ್ತೀರಾ ಅಂತ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಊರಿನ ಇಂಜಿನಿಯರಿಂಗ್ ಕಾಲೇಜಿಗೆ ಕೊಡುವುದಾದರೆ ಗಾಜಿನ ಪೆಟ್ಟಿಗೆ ಇದ್ದರೆ ಮಾತ್ರ ಕೊಡಿ. ಕೈಗೆ ಸಿಗುವ ಹಾಗಿಟ್ಟರೆ ಒಂದು ಸೆಮಿಸ್ಟರ್‌ನಲ್ಲಿ ಉಂಗುರ ಉದುರುತ್ತವೆ.

ಕೊನೆಗೆ, ಭಾಷೆಗಳು ಸತ್ತಿವೆ ಅನ್ನುವ ನಿಮ್ಮ ಮಗನ ಮಾತು. ಫೋರ್ಟ್ರಾನ್ ಹವಾಮಾನದ ಲೆಕ್ಕಗಳಲ್ಲಿ ಇವತ್ತಿಗೂ ದುಡಿಯುತ್ತಿದೆ, ಅವನು ಪೈಥಾನಿನಲ್ಲಿ ಮ್ಯಾಟ್ರಿಕ್ಸ್ ಬಿಡಿಸುವಾಗ ಒಳಗೆ ಓಡುವುದು ಎಷ್ಟೋ ಸಲ ಫೋರ್ಟ್ರಾನಿನಲ್ಲಿ ಹುಟ್ಟಿದ ಲ್ಯಾಪ್ಯಾಕ್ ಅನ್ನುವ ಲೆಕ್ಕದ ಪ್ರೋಗ್ರಾಮುಗಳ ಕಟ್ಟು. ಕೋಬಾಲ್ ಬ್ಯಾಂಕು, ವಿಮೆ ಕಂಪನಿಗಳಲ್ಲಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಸಮಯದಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲವರು ಸಹಾಯಕ್ಕೆ ಬನ್ನಿ ಅಂತ ಬಹಿರಂಗವಾಗಿ ಕೇಳಿಕೊಂಡರು. ವರ್ಷವನ್ನು ಎರಡೇ ಅಂಕೆಯಲ್ಲಿ ಬರೆದ ಅಭ್ಯಾಸ, 80 ಕಂಬದ ಕಾರ್ಡು ಮತ್ತು ದುಬಾರಿ ಕೋರಿನಲ್ಲಿ ಎರಡು ಅಂಕೆ ಉಳಿಸಲು ಮಾಡಿದ್ದು, 2000ನೇ ಇಸವಿ ಬರುವಾಗ ಅದನ್ನು ತಿದ್ದುವ ಕೆಲಸ ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಿಗೆ ಅನ್ನ ಹಾಕಿತು. ಈಗಲೂ ವಿದೇಶಿ ಬ್ಯಾಂಕುಗಳ ಮೇನ್‌ಫ್ರೇಮ್ ನೋಡಿಕೊಳ್ಳುವ ತಂಡಗಳು ನಮ್ಮಲ್ಲಿವೆ. ಆದರೆ ಕೋಬಾಲ್ ಕಲಿತರೆ ಲಕ್ಷಗಟ್ಟಲೆ ಸಂಬಳ ಅಂತ ಹೇಳುವ ಕೋರ್ಸುಗಳನ್ನು ನಂಬಬೇಡಿ. ಭಾಷೆ ಒಂದೆರಡು ತಿಂಗಳಲ್ಲಿ ಬರುತ್ತೆ. ಕೆಲಸ ಕೊಡುವವರು ಕೇಳುವುದು ಮೇನ್‌ಫ್ರೇಮಿನಲ್ಲಿ ಕೆಲಸ ನಡೆಸಲು ಬಳಸುವ ಜೆಸಿಎಲ್, ಸಿಐಸಿಎಸ್, ಡಿಬಿ2 ಗೊತ್ತಾ, ಬೇರೆ ಯಾರೋ ನಲವತ್ತು ವರ್ಷದ ಹಿಂದೆ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆಯಾ ಅಂತ. ಆ ಎರಡನೆಯದಕ್ಕೆ ಅಭ್ಯಾಸ ಬೇಕಿದ್ದರೆ ತಾತನ ಕಟ್ಟಿನಲ್ಲಿರುವ ಅಷ್ಟೂ ಕಾರ್ಡು ಅವನೇ ಟೈಪ್ ಮಾಡಲಿ, ಸಾಲು ಸಾಲಾಗಿ ಏನು ಮಾಡುತ್ತದೆ ಅಂತ ಪಕ್ಕದಲ್ಲಿ ಬರೆಯಲಿ. ಎಲ್ಲಿ ಸಿಕ್ಕಿಬಿದ್ದ ಅಂತ ಬರೆದು ಕಳಿಸಿದರೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.